ಹೊತ್ತು ಮುಳುಗೂ ಮುಂದ ಹೊಡೆಯೂ ಹಾರನ್

ಮೊದಲ ಒಂದು ಮಾತು ಹೇಳಿಬಿಡತೇನಿ. ದೆವ್ವ, ಗಾಳಿ, ಮಾಟ, ಕರಣಿ ಅನ್ನೂ ಮಂದಿ ಕಂಡ್ರ ನನಗ ಮೊದಲಿಂದಾನೂ ಆಗಿಬರಂಗಿಲ್ಲ. ಗೋಕಾಕದಾಗ ಗಾಡಿಗೋಳ ವೈರಿಂಗ್ ಕೆಲಸ ಮಾಡಕೋಂತ ಬಂದಾಂವ ನಾ. ನನ್ನ ಅಂಗಡಿಗೆ ಬರೂ ಗಾಡಿಗೋಳಿಗೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡ ಬರತಿದ್ರು. ಅದನ್ನ ಹರದು ಒಗದ ಮ್ಯಾಲ ಕೆಲಸಕ್ಕ ಕೈ ಹಚ್ಚತಿದ್ನಿ. "ಲಿಂಬಿಹಣ್ಣು ಇಷ್ಟ ಶಾಣೇದಿದ್ರ ಅದರ ಕಡಿಂದನ ಲೈಟ್ ಹತ್ತಸ್ರಿ, ನನ್ನ ಕಡಿ ಯಾಕ ಬಂದ್ರಿ?" ಅಂತಿದ್ನಿ. ಗಾಡ್ಯಾಗ ಇರೂದು ಎರಡ. ಕರೆಂಟು ಬರೂ ದಾರಿ, ಕರೆಂಟು ಹೋಗೂ ದಾರಿ. ಮೂರನೇದು ಏನರ ಐತಿ ಅಂದಾಂವ ಹುಚ್ಚಪ್ಯಾಲಿ. ಇವತ್ತೂ ನಾ ಹಂಗ ಅಂತೇನಿ. ಆದ್ರ ಕಲ್ಲೋಳ್ಯಾಗ ಒಂದು ಸಂಜಿ ಆದದ್ದು ಮಾತ್ರ ಈ ಲೆಕ್ಕದಾಗ ಕೂಡವಲ್ದು.

ಆಗಿನ್ನೂ ಎಲ್ಲಾರ ಕೈಯಾಗ ಮೊಬೈಲ್ ಬಂದಿರಲಿಲ್ಲ. ಕಲ್ಲೋಳಿ ಬಾಳಾಸಾಬ ತಾನ ಬಸ್ ಹತ್ತಿ ಅಂಗಡಿಗೆ ಬಂದ. ಜೈನರ ಮನೆತನ, ಅರಿವಿ ವ್ಯಾಪಾರ. ಅವರಪ್ಪ ಸೌಕಾರ ಹಳೇ ವ್ಯಾನಿನಾಗ ಅರಿವಿ ಗಂಟು ಹೇರಿಕೊಂಡು ಮೂಡಲಗಿ, ಗೋಕಾಕ, ಹುಕ್ಕೇರಿ ಸಂತಿ ತಿರಗತಿದ್ದ. ಹಿಂದಿನ ವರ್ಷ ತೀರಿಕೊಂಡಿದ್ದ. ಮಗಗ ಸಂತಿ ತಿರಗೂದು ಅಂದ್ರ ನಾಚಿಕಿ. ಇಸ್ತ್ರಿ ಅಂಗಿ ಹೊಲಸಾದೀತು ಅಂತ ನನ್ನ ಅಂಗಡ್ಯಾಗೂ ಕೂಡ್ರದ ನಿಂತ ಮಾತಾಡಿದ.

"ಮಿಸ್ತ್ರಿ, ವ್ಯಾನಿನ ಹಾರನ್ ತನ್ನಷ್ಟಕ್ಕ ತಾನ ಹೊಡೀತೈತ್ರಿ. ದಿನಾ ಸಂಜೀಕ. ಹುಕ್ಕೇರ್ಯಾಂವ ಒಬ್ಬ ವ್ಯಾನ್ ತಗೋತೇನಿ ಅಂತ ಬಂದಿದ್ದ, ಅದನ್ನ ಕೇಳಿ ಓಡಿಹೋದ."

"ಅಂಥಾವಗ ವ್ಯಾನ್ ಕೊಡಬ್ಯಾಡ್ರಿ, ಎತ್ತಿನ ಬಂಡಿ ಕೊಡ್ರಿ. ಅದಕ್ಕ ಹಾರನ್ ಇರಂಗಿಲ್ಲ" ಅಂದ್ನಿ.

ಅದಕ್ಕೂ ಮೊದಲ ಮೂಡಲಗಿ ಕಡಿ ಮೆಕ್ಯಾನಿಕ್ ಒಬ್ಬ ಬ್ಯಾಟರಿ ಬದಲ ಮಾಡಿದ್ನಂತ. ಅದಕ್ಕೂ ಬಗ್ಗಲಿಲ್ಲಂತ ಹೇಳಿ ಸ್ಟೇರಿಂಗಿಗೆ ತಾಯತ ಕಟ್ಟಿ ಕಳಿಸಿದ್ನಂತ. ಕೆಲಸ ಬರದಾವಗ ದೇವ್ರು ಲಗೂನ ನೆನಪಾಗತಾನ.

ಮರುದಿನ ಮಧ್ಯಾಹ್ನ ಹೋದ್ನಿ. ವ್ಯಾನ್ ಅಂಗಳದಾಗ ನಿಂತಿತ್ತು. ಡ್ಯಾಶ್‌ಬೋರ್ಡ್ ಬಿಚ್ಚಿದ್ರ ಒಳಗಿನ ವೈರು ಶ್ಯಾವಿಗಿ ಒಣಹಾಕಿದಂಗ ಇದ್ದವು. ಎಷ್ಟ ಮಂದಿ ಕೈಯಾಡಿಸಿದ್ರೋ, ಒಬ್ಬರಿಗೂ ಬುದ್ಧಿ ಇರಲಿಲ್ಲ. ಇಂಥಾ ಹಳೇ ಗಾಡ್ಯಾಗ ಹಾರನ್ನಿಗೆ ಕರೆಂಟು ಯಾವಾಗಲೂ ಬಂದ ನಿಂತಿರತೈತಿ. ಗುಂಡಿ ಒತ್ತಿದ್ರ ಅದರ ವೈರು ಗಾಡಿ ಕಬ್ಬಿಣಕ್ಕ ತಾಗಿ ಹಾರನ್ ಹೊಡೀತೈತಿ. ಆ ವೈರು ಎಲ್ಲರ ಸವದಿದ್ರ, ಸಂಜೀಕ ಕಬ್ಬಿಣ ಆರಿ ಕುಗ್ಗಿದಾಗ ತಾನ ತಾಗತೈತಿ. ಹುಡುಕಿದ್ನಿ. ಸ್ಟೇರಿಂಗ್ ಕೆಳಗ ವೈರು ಸವದು ತಾಮ್ರ ಕಾಣಾಕತ್ತಿತ್ತು. "ಇಕಾ ನೋಡ್ರಿ ನಿಮ್ಮ ದೆವ್ವ" ಅಂತ ತೋರಿಸಿ, ಟೇಪು ಸುತ್ತಿ ಕೈ ಝಾಡಿಸಿದ್ನಿ.

ಚಹಾ ತಂದಾಕಿ ಬಾಳಾಸಾಬನ ಹೆಂಡ್ತಿ. ಗಂಡ ಆಚೀಕ ಹೋಗೂತನ ಬಾಗಲದಾಗ ನಿಂತಳು. ಆಮ್ಯಾಲ ಸಣ್ಣ ದನಿಲೆ, "ಅಣ್ಣಾರ, ನಿಮ್ಮ ಪಾದಕ್ಕ ಬೀಳತೇನಿ, ಅದನ್ನ ಬಂದ್ ಮಾಡಬ್ಯಾಡ್ರಿ" ಅಂದಳು.

ಆಕಿ ಹೇಳಿದ್ದು ಇಷ್ಟ. ಅವರದು ಹೊತ್ತು ಮುಳುಗೂದ್ರಾಗ ಉಣ್ಣೂ ನೇಮ. ಸೌಕಾರ ಸಂತಿಯಿಂದ ಬಂದು ಊರ ಅಗಸಿ ಬಾಗಲಾ ಹಂತ್ಯಾಕ ಹಾರನ್ ಹೊಡೀತಿದ್ದ, ಉದ್ದಕ ಒಂದು, ಗಿಡ್ಡಕ ಒಂದು. ಅದನ್ನ ಕೇಳಿ ಈಕಿ ಅತ್ತಿ, ಸೌಕಾರನ ಹೆಂಡ್ತಿ, ತಾಟು ಹಚ್ಚತಿದ್ದಳು. ಅಂವ ಉಂಡ ಮ್ಯಾಲ ಆಕಿ. ಅಂವ ಸತ್ತ ಮ್ಯಾಲ ಆಕಿ ದಿನಕ್ಕ ಒಂದ ಊಟ ಅಂತ ನೇಮ ಹಿಡಿದಾಳ, ಅದೂ ಆ ಹಾರನ್ ಕೇಳಿದ ಮ್ಯಾಲ. ಹಾರನ್ ಬರಲಿಲ್ಲ ಅಂದ್ರ ಆ ದಿನ ಬಾಯಾಗ ಅಗಳ ಇಡಂಗಿಲ್ಲ. ಡಾಕ್ಟರು, ಇನ್ನ ಉಪಾಸ ಕೆಡವಿದ್ರ ಮುದುಕಿ ಉಳಿಯಂಗಿಲ್ಲ ಅಂದಾರ.

"ವೈನಿ, ಉಣ್ಣಾಕ ಹಾರನ್ ಬೇಕಂದ್ರ ಬಸ್ ಸ್ಟ್ಯಾಂಡ್ ಬಾಜೂಕ ಮನಿ ಮಾಡ್ರಿ. ಹೊಟ್ಟಿ ತುಂಬ ಉಣತಾರ" ಅಂದ್ನಿ. ಆಕಿ ಸಿಟ್ಟಾಗಲಿಲ್ಲ, ಖಾಲಿ ಕಪ್ಪು ತಗೊಂಡು ಒಳಗ ಹೋದಳು.

ಹೊತ್ತು ಇಳಿಯೂ ಮುಂದ ಹಾರನ್ ಹೊಡೀತು. ಉದ್ದಕ ಒಂದು, ಗಿಡ್ಡಕ ಒಂದು. ಸ್ಟೇರಿಂಗ್ ಹಂತ್ಯಾಕ ಯಾರೂ ಇರಲಿಲ್ಲ, ನನ್ನ ಟೇಪು ಹಂಗ ಇತ್ತು. ಒಳಗ ತಾಟಿನ ಸಪ್ಪಳ ಕೇಳಿತು. ಬಾಳಾಸಾಬ ನನ್ನ ಮಾರಿ ನೋಡಿ ನಕ್ಕ. ಆ ನಗಿ ನನಗ ತಡಕೊಳ್ಳಾಕ ಆಗಲಿಲ್ಲ.

ಮರುದಿನ ಯಾರೂ ಕರೀದ ಹೋದ್ನಿ. ಕಂಡ ವೈರುಗೋಳಿಗೆಲ್ಲಾ ಬೈಕೋಂತ ಬ್ಯಾಟರಿ ಇಳಿಸಿ ಕಟ್ಟಿ ಮ್ಯಾಲ ಇಟ್ನಿ. ಮುಂದಿನ ಜಾಳಿಗಿ ಬಿಚ್ಚಿ ಹಾರನ್ ಕಿತ್ತು, ಅದನ್ನೊಂದ ನನ್ನ ಚೀಲದಾಗ ಹಾಕಿ ಬಗಲಾಗ ಇಟಗೊಂಡ್ನಿ. "ಈಗ ಹೊಡೀಲಿ ನೋಡೂಣು, ಯಾರ ಅಪ್ಪ ಹೊಡೀತಾನ" ಅಂದ್ನಿ. ಬಾಳಾಸಾಬಗೂ ಆ ಮಾತು ಚಂದ ಅನಿಸಲಿಲ್ಲ.

ಸಂಜೀಕ ಒಳಗ ಹೋದ್ರ ಪಡಸಾಲ್ಯಾಗ ಮುದುಕಿ ತಾಟು ಮುಂದ ಇಟಗೊಂಡು ಕುಂತಿದ್ದಳು. ಎರಡು ಜ್ವಾಳದ ರೊಟ್ಟಿ, ಹೆಸರಬ್ಯಾಳಿ. ಕೈ ನೋಡಿದ್ರ ಬಳಿ ಕಳದ ಹೋದ ಒಣಾ ಕಟಿಗಿ. ಆಕಿ ಯಾರನ್ನೂ ನೋಡಲಿಲ್ಲ, ಬಾಗಲಾ ಒಂದ ನೋಡತಿದ್ದಳು. ಬಿಸಲು ಗ್ವಾಡಿ ಏರಿ ಮಾಳಗಿ ಅಂಚಿಗೆ ಹೋತು. ವೈನಿ ಕಣ್ಣಾಗ ನೀರು. "ಇವತ್ತೊಂದಿನ ಉಪಾಸ ಬಿದ್ರ ನಾಳೆ ತಾನ ರೂಢಿ ಆಗತೈತ್ರಿ" ಅಂದ ಮಗ. ಹೆತ್ತ ತಾಯಿ ಬಗ್ಗೆ, ಹೊಸಾ ಚಪ್ಪಲಿ ಬಗ್ಗೆ ಹೇಳಿದಂಗ ಹೇಳಿದ. ಅವನ ಕಪಾಳಕ್ಕ ಒಂದು ಹಾಕಬೇಕು ಅನಿಸಿತು. ಬ್ಯಾಟರಿ ವಾಪಸ್ ಕೂಡಸಾಕ ಏಳಬೇಕು ಅಂತನೂ ಅನಿಸಿತು. ಆದ್ರ ಹೊತ್ತು ಎಲ್ಲಿ ಉಳದಿತ್ತು?

ಆಗ ನನ್ನ ಬಗಲಾಗಿನ ಚೀಲದಾಗ ಹಾರನ್ ಹೊಡೀತು.

ಉದ್ದಕ ಒಂದು. ಅದರ ನಡುಕ ನನ್ನ ಪಕ್ಕೆಲುಬಿಗೆ ತಾಗಿತು. ಆಮ್ಯಾಲ ಗಿಡ್ಡಕ ಒಂದು. ಬಾಳಾಸಾಬ ಹಿಂದಕ್ಕ ಸರದು ಕಂಬಕ್ಕ ಬಡಕೊಂಡ. ಮುದುಕಿ ಸೆರಗು ಸರಿ ಮಾಡಕೊಂಡು, "ಬಂದ್ರೇನ್ರಿ? ಇವತ್ತ ತಡಾ ಆತು" ಅಂತ ರೊಟ್ಟಿ ಮುರದಳು.

ಚೀಲ ಝಾಡಿಸಿದ್ನಿ. ಹಾರನ್ ಬಿಟ್ರ ಏನೂ ಇರಲಿಲ್ಲ. ವೈರು ಕೂಡಸೂ ಎರಡು ತುದಿ ಬೋಳ ಇದ್ದವು. ಮುಟ್ಟಿದ್ರ ಬೆಚ್ಚಗಿತ್ತು.

"ರಿಪೇರಿ ಆಗತೈತೇನ್ರಿ ಮಿಸ್ತ್ರಿ?" ಅಂದ ಬಾಳಾಸಾಬ.

"ಇಲ್ಲ" ಅಂದ್ನಿ. ಈ ಕೆಲಸಕ್ಕ ಬಂದ ಮ್ಯಾಲ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ವೈನಿ ಆ ಹಾರನ್ ತನಗ ಕೊಡ್ರಿ ಅಂತ ಇಸಗೊಂಡಳು. ಅಡಗಿಮನಿ ಕಿಡಕಿ ಹೊರಗ ಗ್ವಾಡಿಗೆ ನಾನ ಸ್ಕ್ರೂ ಹೊಡದು ಕೂಡಿಸಿ ಬಂದ್ನಿ. ವೈರು ಕೊಡಲಿಲ್ಲ. ವ್ಯಾನಿಗೆ ಬ್ಯಾರೆ ಹಾರನ್ ಹಾಕಿದ್ನಿ, ಅದು ಒತ್ತಿದ್ರ ಅಷ್ಟ ಹೊಡೀತಿತ್ತು. ವ್ಯಾನ್ ಮಾರಾಟಾಗಿ ಹುಕ್ಕೇರಿಗೆ ಹೋತು.

ಈ ಸುದ್ದಿ ಹೇಳಿದ್ರ ಎಂಜಿನಿಯರಿಂಗ್ ಓದಿದ ನನ್ನ ಬೀಗರ ಹುಡುಗ, "ಕಾಕಾ, ಅದರಾಗ ಚಾರ್ಜ್ ಉಳದಿರಬೇಕು" ಅಂತಾನ. ಹಾರನ್ ಅಂದ್ರ ಏನು ನೀರಿನ ಕೊಡಾ ಏನಪಾ, ಉಳಿಯಾಕ? ಇನ್ನ ಓಣಿ ಮಂದಿ, "ಸೌಕಾರನ ಆತ್ಮ" ಅಂತಾರ. ಸತ್ತ ಮ್ಯಾಲೂ ಹಾರನ್ ಹೊಡಕೋಂತ ಕೂಡ್ರಾಕ ಅವಗೇನು ಬ್ಯಾರೆ ಉದ್ಯೋಗ ಇರಲಿಲ್ಲೇನು? ಇಬ್ಬರಿಗೂ ನಗತೇನಿ. ನನ್ನ ಕಡಿ ಮೂರನೇ ಉತ್ತರ ಇಲ್ಲ.

ಆಮ್ಯಾಲ ಒಂದಿನ ಗೋಕಾಕ ಬಸ್ ಸ್ಟ್ಯಾಂಡಿನ್ಯಾಗ ವೈನಿ ಸಿಕ್ಕಳು. "ಆಯಿ ಹೆಂಗ ಅದಾರ್ರಿ?" ಅಂತ ಕೇಳಿದ್ನಿ.

"ಆರಾಮ ಅದಾರ್ರಿ ಅಣ್ಣಾರ. ಹೊತ್ತು ಮುಳುಗೂದ್ರಾಗ ಎರಡು ರೊಟ್ಟಿ ಉಣತಾರ" ಅಂದಳು.

ಹಾರನ್ ಇನ್ನೂ ಹೊಡೀತೈತೇನು ಅಂತ ಕೇಳಬೇಕಂದ್ನಿ. ಕೇಳಾಕ ಧೈರ್ಯ ಸಾಲಲಿಲ್ಲ. ಹೊಡೀತೈತಿ ಅಂದಾಳು ಅಂತ ಅಲ್ಲ. ಹೊಡಿಯಂಗಿಲ್ಲ ಅಂದ್ರ ಹೆಂಗ ಅಂತ ಅಂಜಿಕಿ ಬಂತು.