ಹೊಟ್ಟೆ ಮೇಲಿನ ಚೀಲ

ಕರುಳಿನ ಹುಣ್ಣು ವಾಸಿಯಾಗದೆ ದೊಡ್ಡ ಕರುಳನ್ನೇ ತೆಗೆದುಹಾಕಿದ ಡಾಕ್ಟರು, ಮಲ ಬಂದು ಸೇರಲು ನನ್ನ ಹೊಟ್ಟೆಯ ಮೇಲೊಂದು ಚೀಲ ಅಂಟಿಸಿದ್ದರು. ಮೊದಲು ಬಸ್ಸು ಹತ್ತಿದ ಕೂಡಲೇ ಪೊದೆ ಹುಡುಕುತ್ತಿದ್ದವನು ನಾನು. ಈಗ ದೆಹಲಿವರೆಗೂ ಕೂತೇ ಹೋಗಬಲ್ಲೆ ಎಂದು ಊರಿಡೀ ಕೊಚ್ಚಿಕೊಂಡು, ಹೊಸೂರಿನ ಫ್ಯಾಕ್ಟರಿಗೆ ಮತ್ತೆ ಕೆಲಸಕ್ಕೆ ಹೊರಟೆ.

ಗಡಿ ದಾಟಿ ಬಾಗಲೂರಿನ ಹತ್ತಿರ ಬಂದಾಗ ತಮಿಳು ಪೊಲೀಸರು ಬಸ್ಸು ತಡೆದರು. ಕರ್ನಾಟಕದ ಪ್ಯಾಕೆಟ್ ಸಾರಾಯಿಯನ್ನು ಜನ ಅಂಗಿಯೊಳಗೆ ಕಟ್ಟಿಕೊಂಡು ಗಡಿ ದಾಟಿಸುತ್ತಿದ್ದ ಕಾಲ ಅದು. ಪೇದೆಯ ಕೈ ನೇರವಾಗಿ ನನ್ನ ಚೀಲದ ಮೇಲೆಯೇ ಬಿತ್ತು.

"ಎಷ್ಟು ಪ್ಯಾಕೆಟ್ ಐತೆ? ಇಳಿಯಯ್ಯಾ ಕೆಳಗೆ!"

ಇಳಿದರೆ ಬಸ್ಸು ಹೊರಟುಬಿಡುತ್ತದೆ. ತಿಂಗಳುಗಟ್ಟಲೆ ರಜೆ ಹಾಕಿದವನು ಇವತ್ತೂ ಹೋಗದಿದ್ದರೆ ಕೆಲಸವೇ ಇಲ್ಲ.

"ಸಾರ್, ಇದು ನನ್ನ ಸ್ವಂತ ತಯಾರಿಕೆ. ಬೇಕಾದ್ರೆ ಬಿಚ್ಚಿ ಮೂಸಿ ನೋಡಿ," ಎಂದು ಅಂಗಿ ಎತ್ತಿದೆ.

ಪೇದೆ ಬಗ್ಗಿ ನೋಡಿದ. ಒಳಗಿರುವುದು ಏನೆಂದು ತಿಳಿದದ್ದೇ "ಅಯ್ಯೋ ಮುರುಗಾ!" ಎಂದು ಮೂಗು ಮುಚ್ಚಿಕೊಂಡು, ಉಳಿದವರನ್ನು ತಡಕದೆಯೇ ಇಳಿದುಹೋದ.

ಬಸ್ಸು ಹೊರಟಿತು. ಪಕ್ಕದ ಸೀಟಿನವನು ತನ್ನ ಉಬ್ಬಿದ ಅಂಗಿ ಸವರಿಕೊಂಡು ಪಿಸುಗುಟ್ಟಿದ: "ಮಾಮ, ನಾಳೆಯಿಂದ ನಂದೂ ನೀನೇ ಕಟ್ಕೊಂಬುಡು. ನಿನ್ನ ಯಾರೂ ಮುಟ್ಟಾಕಿಲ್ಲ."

ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಒಪ್ಪಲಿಲ್ಲ, ಅಷ್ಟೇ.