ಹತ್ತನೆಯ ತರಗತಿಯ ಗಣಿತ

ಮದುವೆಯಾಗಿ ಧಾರವಾಡದಿಂದ ಗೋವಾಕ್ಕೆ ಬಂದ ಎರಡನೆಯ ವರ್ಷ ನಾನು ಸಾಂಕೋಲೆಯ ಹತ್ತಿರದ ಒಂದು ಕನ್ನಡ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ ಸೇರಿದೆ. ಯಜಮಾನರಿಗೆ ಮುರ್ಮುಗಾಂವ್ ಬಂದರಿನ ಆಫೀಸಿನಲ್ಲಿ ಕೆಲಸ. ಶಾಲೆಯ ಮಕ್ಕಳೆಲ್ಲ ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ, ನದಿಯಲ್ಲಿ ಅದಿರು ಸಾಗಿಸುವ ಬಾರ್ಜು ದೋಣಿಗಳ ಮೇಲೆ ದುಡಿಯಲು ಹೋಗುವವರ ಮಕ್ಕಳು. ಮನೆಯಲ್ಲಿ ವಿಜಾಪುರದ ಕನ್ನಡ, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಕೊಂಕಣಿ. ಇವರಿಗೆ ಗಣಿತ ಯಾವ ಭಾಷೆಯಲ್ಲಿ ಹೇಳಿದರೂ ತಲೆಗೆ ಹತ್ತುವುದಿಲ್ಲ ಎಂದು ಮೊದಲ ವಾರದಲ್ಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ನನಗಿಂತ ಮೊದಲು ಅಲ್ಲಿ ಗಣಿತಕ್ಕೆ ಇದ್ದವರು ಒಬ್ಬರೇ. ಬೆಳಗಾವಿ ಕಡೆಯವರು, ಐವತ್ತು ದಾಟಿದವರು. ಕೊರ್ತಾಲಿಮ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಶಾಲೆಯವರೆಲ್ಲ ಅವರನ್ನು ‘ಗಣಿತದ ಸರ್’ ಎನ್ನುತ್ತಿದ್ದರು. ಎಂಟನೆಯ ತರಗತಿಯ ಗದ್ದಲ ತಾಳಲಾರದೆ ನಾನು ಸ್ಟಾಫ್‌ರೂಮಿಗೆ ಬಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ ಅವರು ತಮ್ಮ ಡಬ್ಬಿಯಿಂದ ಒಂದು ಚಟ್ನಿಪುಡಿ ಹಚ್ಚಿದ ರೊಟ್ಟಿ ನನ್ನ ಕಡೆ ಸರಿಸಿದರು.

“ತಂಗಿ, ನೀವು ಬೋರ್ಡಿಗೆ ಪಾಠ ಹೇಳಾಕತ್ತೀರಿ. ಹುಡುಗ್ರು ಹಿಂದ ಕೂತಾರ.”

“ತಿರುಗಿ ನಿಂತ್ರ ನಗತಾರ್ರಿ ಸರ್.”

“ನಗಲಿ ಬಿಡ್ರಿ. ನಾಳೆ ಒಂದ್ ಲೆಕ್ಕ ಬೇಕಂತನ ತಪ್ಪ ಮಾಡ್ರಿ. ಯಾರರ ಒಬ್ರು ಹಿಡೀತಾರ. ಹಿಡದವರಿಗೆ ಖಡು ಕೊಡ್ರಿ.”

ಮರುದಿನ ಹಾಗೇ ಮಾಡಿದೆ. ಹಿಂದಿನ ಬೆಂಚಿನಿಂದ ಮೂವರು ಒಮ್ಮೆಗೇ ಕೂಗಿದರು, ಸೀಮೆಸುಣ್ಣ ಅವರ ಕೈಗೆ ಕೊಟ್ಟೆ. ಆ ವರ್ಷವೆಲ್ಲ ನಾನು ಅವರ ಪಾಠ ಕೇಳಲೆಂದೇ ಬಿಡುವಿನ ಪೀರಿಯಡ್ಡಿನಲ್ಲಿ ಹತ್ತನೆಯ ತರಗತಿಯ ಬಾಗಿಲ ಹತ್ತಿರ ಸುಳಿಯುತ್ತಿದ್ದೆ. ಕೈವಾರವಿಲ್ಲದೆ ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದರು. ಒಂದೇ ಗೆರೆ, ತುದಿಗೆ ತುದಿ ಕೂಡುತ್ತಿತ್ತು. ಮಕ್ಕಳು ದಾರ ಹಿಡಿದು ಅಳೆದು ನೋಡುತ್ತಿದ್ದರು.

ನಾನು ಸೇರಿ ನಾಲ್ಕೈದು ವರ್ಷವಾದ ಮೇಲೆ ಶಾಲೆಗೆ ನಾಲ್ಕು ಕಂಪ್ಯೂಟರು ಬಂದವು. ಒಂದು ಕೋಣೆಗೆ ಬಣ್ಣ ಹೊಡೆಸಿ, ಕಿಟಕಿಗೆ ಪರದೆ ಹಾಕಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಬರೆಸಿದರು. ಪಣಜಿಯಲ್ಲಿ ಮೂರು ದಿನದ ತರಬೇತಿಗೆ ನನ್ನನ್ನೇ ಕಳಿಸಿದರು, ಹರೆಯದವಳೆಂದು. ಅಲ್ಲಿ ರೇಖಾಗಣಿತ ಕಲಿಸುವ ಒಂದು ಪ್ರೋಗ್ರಾಮಿನ ಸೀಡಿ ಕೊಟ್ಟರು. ಮರಳಿ ಬಂದು ಒಂಬತ್ತನೆಯ ತರಗತಿಗೆ ಮೊದಲ ಪಾಠ ತೋರಿಸಿದೆ. ಕಂಪ್ಯೂಟರಿನ ಪರದೆಯ ಮೇಲೆ ಒಂದು ತ್ರಿಭುಜ, ಪಕ್ಕದಲ್ಲಿ ಮೂರು ಕೋನಗಳ ಮೊತ್ತ. ಮೌಸಿನಿಂದ ಒಂದು ಮೂಲೆ ಹಿಡಿದು ಎಲ್ಲಿಗೆ ಎಳೆದರೂ ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ ನೂರಾ ಎಂಬತ್ತೇ.

“ಟೀಚರ್, ಎಷ್ಟ್ ಎಳದ್ರೂ ಅದು ತನ್ನ ಹಟಾ ಬಿಡವಲ್ದು!” ಎಂದು ಒಬ್ಬ ಹುಡುಗಿ ಕೂಗಿದಳು.

ಹಿಂದೆ ಗೋಡೆಗೆ ಒರಗಿ ಗಣಿತದ ಸರ್ ನಿಂತಿದ್ದರು. ಪಾಠ ಮುಗಿದ ಮೇಲೆ ಹತ್ತಿರ ಬಂದು, “ತಂಗಿ, ಇದನ್ನ ನನಗೂ ಕಲಸ್ರಿ” ಎಂದರು. ಅವರಂಥವರಿಗೆ ಇದೆಲ್ಲ ಯಾಕೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಕಲಿಸಲು ಕೂತೆ. ಮೌಸು ಮಾತ್ರ ಅವರು ಮುಟ್ಟಲಿಲ್ಲ. “ನೀವ ಹಿಡೀರಿ, ನಾ ನೋಡ್ತೀನಿ” ಎಂದು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತರು. ವಯಸ್ಸಾದವರ ಅಂಜಿಕೆ ಎಂದುಕೊಂಡೆ.

ಆ ಮಳೆಗಾಲದಿಂದ ಅವರ ರೀತಿಯೇ ಬೇರೆಯಾಯಿತು. ವಾರದಲ್ಲಿ ನಾಲ್ಕು ದಿನ ಕಂಪ್ಯೂಟರ್ ಕೋಣೆ ತಮಗೇ ಬೇಕೆನ್ನುತ್ತಿದ್ದರು. ನನ್ನ ಪೀರಿಯಡ್ಡಿಗೂ ಅವರದಕ್ಕೂ ತಾಕಲಾಟ ಶುರುವಾಯಿತು. ಕರೆಂಟು ಹೋದ ದಿನ ಬೋರ್ಡಿನ ಹತ್ತಿರ ಹೋಗುತ್ತಲೇ ಇರಲಿಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಅವರಿಂದಲೇ ಬರೆಸುತ್ತಿದ್ದರು. ಮಕ್ಕಳ ನೋಟುಬುಕ್ಕು ತಿದ್ದುವುದನ್ನೂ ಬಿಟ್ಟರು. ಹತ್ತನೆಯ ತರಗತಿಯ ಹುಡುಗಿಯರು ನನ್ನ ಹತ್ತಿರ ಬಂದು, “ಸರ್ ಬೋರ್ಡ್ ಮ್ಯಾಲೆ ಏನೂ ಬರೆಯೂದಿಲ್ರಿ ಟೀಚರ್, ನಮಗ ನೋಟ್ಸ್ ಸಿಗವಲ್ದು” ಎಂದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹತ್ತನೆಯವರ ಗಣಿತ ಬಿದ್ದುಹೋಯಿತು. ಹೆಡ್‌ಮಾಸ್ತರು ನನ್ನನ್ನು ಒಬ್ಬಳನ್ನೇ ಕರೆಸಿದರು.

“ಏನ್ರೀ ಮೇಡಂ, ಸರ್‌ಗೆ ಏನಾಗೈತಿ? ನಿಮಗೇನರ ಗೊತ್ತೈತೇನು?”

ಗೊತ್ತಿಲ್ಲ ಎಂದು ಹೇಳಬಹುದಿತ್ತು. ನಿಜವಾಗಿ ನನಗೆ ಗೊತ್ತಿರಲೂ ಇಲ್ಲ. ಆದರೆ ಕಂಪ್ಯೂಟರ್ ಕೋಣೆಯ ಸಿಟ್ಟು ಹೊಟ್ಟೆಯಲ್ಲಿತ್ತು.

“ರಿಟೈರ್‌ಮೆಂಟ್ ಹತ್ರ ಬಂತಲ್ರಿ ಸರ್. ಮೊದಲಿನಂಗ ಕಲಸೂ ಮನಸ ಉಳದಿಲ್ಲ ಅನಸ್ತೈತಿ. ಎಲ್ಲಾ ಹುಡುಗರ ಕಡೆಯಿಂದನ ಬರಸ್ತಾರ” ಎಂದೆ.

ದೀಪಾವಳಿ ರಜೆ ಮುಗಿದು ಶಾಲೆ ಸುರುವಾದ ದಿನ ಟೈಮ್‌ಟೇಬಲ್ ಬದಲಾಗಿತ್ತು. ಹತ್ತನೆಯ ತರಗತಿ ನನಗೆ, ಎಂಟನೆಯದು ಅವರಿಗೆ. ಸರ್ ನೋಟೀಸು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಚಲೋ ಆತು ತಂಗಿ. ವೃತ್ತದ ಪಾಠ ಅರ್ಧಾ ಉಳದೈತಿ, ಸ್ಪರ್ಶಕದಿಂದ ಹಿಡೀರಿ” ಎಂದು ತಮ್ಮ ಹಳೆಯ ನೋಟುಬುಕ್ಕನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಒಂದು ವಾರ ಕಳೆದಿರಬೇಕು. ಊಟದ ಬಿಡುವಿನಲ್ಲಿ ಸೀಡಿ ಮರೆತೆನೆಂದು ಕಂಪ್ಯೂಟರ್ ಕೋಣೆಗೆ ಹೋದೆ. ಸರ್ ಒಬ್ಬರೇ ಕೂತಿದ್ದರು, ನಾನು ಬಂದದ್ದು ಕೇಳಿಸಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದರು. ಆ ಪ್ರೋಗ್ರಾಮಿನಲ್ಲಿ ಕೆಳಗಿನ ಪಟ್ಟಿಯಲ್ಲಿ ಅಕ್ಷರಗಳಲ್ಲಿ ಬರೆದು ಹೇಳಿದರೂ ಆಕೃತಿ ಮೂಡುತ್ತದೆ, ಮೌಸು ಬೇಕಿಲ್ಲ. ಅವರ ಬೆರಳು ನಡುಗಿ ಒಂದು ಅಕ್ಷರ ಒತ್ತಿದರೆ ನಾಲ್ಕು ಬೀಳುತ್ತಿದ್ದವು. ಮೂರು ಅಳಿಸುತ್ತಿದ್ದರು. ಅಳಿಸುವಾಗಲೂ ಬೆರಳು ನಡುಗಿ ಇದ್ದದ್ದೂ ಅಳಿಸಿಹೋಗುತ್ತಿತ್ತು. ಮತ್ತೆ ಮೊದಲಿನಿಂದ.

“ಸರ್...” ಎಂದೆ.

ಅವರು ಕೈಗಳನ್ನು ತಟ್ಟನೆ ತೊಡೆಯ ಕೆಳಗೆ ಇಟ್ಟುಕೊಂಡರು.

“ಯಾವಾಗಿಂದ್ರಿ?”

“ಎರಡ್ ವರ್ಷಾತು. ಬೆಳಗಾವಿ ಡಾಕ್ಟರ್ ಹೇಳ್ಯಾರ, ಇದು ಹೋಗೂ ಬ್ಯಾನಿ ಅಲ್ಲಂತ. ಗುಳಗಿ ನುಂಗಿದ್ರ ತಾಸೆರಡ್ ತಾಸು ತಡೀತೈತಿ, ಅಷ್ಟ.”

“ಯಾರಿಗಾದ್ರೂ ಹೇಳಬಾರದಿತ್ತೇನ್ರಿ ಸರ್?”

“ಖಡು ಹಿಡಿಯಾಕ ಬರಲಾರದ ಮಾಸ್ತರನ್ನ ಯಾರ ಇಟ್ಕೋತಾರ ತಂಗಿ? ಮನ್ಯಾಗ ಕೂತು ಏನ್ ಮಾಡ್ಲಿ?” ಎಂದು ಪರದೆಯತ್ತ ನೋಡಿದರು. “ಇದು ಬಂದಾಗ ನನಗೊಂದು ಆಸೆ ಹುಟ್ತು. ಒಮ್ಮೆ ಮಾಡಿ ಇಟ್ರ ಆತು, ಆಮ್ಯಾಲೆ ಒಂದ್ ಗುಂಡಿ ಒತ್ತಿದ್ರ ಪಾಠ ನಡೀತೈತಿ. ಕೈ ಬೇಕಾಗೂದಿಲ್ಲ ಅಂತ.”

ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು.

ಅಂದಿನಿಂದ ಊಟದ ಬಿಡುವಿನಲ್ಲಿ ನಾವಿಬ್ಬರೂ ಆ ಕೋಣೆಯಲ್ಲಿ ಕೂರುತ್ತಿದ್ದೆವು. ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಪಣಜಿಯಲ್ಲಿ ನನಗೆ ಕಲಿಸಿದ್ದೆಲ್ಲ ಸಿದ್ಧಾಂತವನ್ನು ತೋರಿಸಿಬಿಡುವ ಪಾಠಗಳು. ಅವರು ಅದನ್ನು ತಿರುವಿ ಹಾಕಿದರು. “ಉತ್ತರಾ ಅಡಗಸ್ರಿ. ಹುಡುಗ್ರು ಹುಡುಕ್ಲಿ” ಎನ್ನುತ್ತಿದ್ದರು. ಒಂದು ಪಾಠ ನನಗೆ ಇಂದಿಗೂ ಅಕ್ಷರ ಅಕ್ಷರ ನೆನಪಿದೆ. ಜುವಾರಿ ನದಿಯಲ್ಲಿ ಎರಡು ಜೆಟ್ಟಿ, ಆಚೆ ದಂಡೆಯಲ್ಲೊಂದು, ಈಚೆ ದಂಡೆಯಲ್ಲೊಂದು. ನಡುವೆ ಒಂದು ಬಾರ್ಜು. ಅದು ಎರಡೂ ಜೆಟ್ಟಿಗಳಿಂದ ಯಾವಾಗಲೂ ಒಂದೇ ದೂರದಲ್ಲಿರಬೇಕು. ಹಾಗಾದರೆ ಎಲ್ಲೆಲ್ಲಿ ಹೋಗಬಹುದು? ಮಕ್ಕಳು ಬಾಣದ ಗುಂಡಿ ಒತ್ತಿ ಬಾರ್ಜು ನಡೆಸಬೇಕು, ಅದು ಹೋದಲ್ಲೆಲ್ಲ ಚುಕ್ಕೆ ಬೀಳುತ್ತದೆ.

ಎಂಟನೆಯ ತರಗತಿಗೆ ಅದನ್ನು ತೋರಿಸಿದ ದಿನ ನಾನೂ ಹೋಗಿ ನಿಂತೆ. ಬಾರ್ಜಿನ ಮೇಲೆ ಕೆಲಸ ಮಾಡುವವನ ಮಗನೊಬ್ಬ ಗುಂಡಿ ಒತ್ತುತ್ತ ಒತ್ತುತ್ತ ಒಮ್ಮೆಲೆ ಎದ್ದು ನಿಂತ. “ಸರ್, ಬಾರ್ಜ್ ಸೀದಾ ಗೆರಿ ಹಿಡದು ಸಮುದ್ರಕ್ಕ ಹೊಂಟೈತ್ರಿ!” ಸರ್ ಅವನ ಹಿಂದೆ ಕೈಕಟ್ಟಿ ನಿಂತು ನಗುತ್ತಿದ್ದರು. ಲಂಬಾರ್ಧಕ ಎಂಬ ಶಬ್ದವನ್ನು ಮರುದಿನದವರೆಗೂ ಅವರು ಬಾಯಿಗೆ ತರಲಿಲ್ಲ.

ಇಂಥ ಪಾಠಗಳನ್ನು ನೋಡಿದ ಮೇಲೆ ಹೆಡ್‌ಮಾಸ್ತರ ಹತ್ತಿರ ಹೋಗಿ, ನಾನು ಆಡಿದ್ದು ತಪ್ಪು, ಹತ್ತನೆಯ ತರಗತಿ ಅವರಿಗೇ ಕೊಡಿ ಎನ್ನಬೇಕಿತ್ತು. ರೋಗದ ಮಾತು ತೆಗೆಯದೆಯೂ ಹೇಳಬಹುದಿತ್ತು. ಮರುವರ್ಷ ಜೂನ್‌ನಲ್ಲಿ ಟೈಮ್‌ಟೇಬಲ್ ಹಾಕುವಾಗ ಬಾಯಿ ತೆರೆಯುವ ಅವಕಾಶವೂ ಇತ್ತು. ಅಷ್ಟರಲ್ಲಿ ಹತ್ತನೆಯವರ ಫಲಿತಾಂಶ ಚೆನ್ನಾಗಿ ಬಂದು, ಪಾಲಕರ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆದಿದ್ದರು. ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಆ ಮಳೆಗಾಲದಲ್ಲಿ ಅವರು ಕೊರ್ತಾಲಿಮ್‌ನಲ್ಲಿ ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿಯಲಾಗದೆ ಬಿದ್ದರು. ಹಣೆ ಒಡೆಯಿತು. ಆಸ್ಪತ್ರೆಯಿಂದ ಎಲ್ಲರಿಗೂ ವಿಷಯ ಗೊತ್ತಾಯಿತು. ಶಾಲೆಯವರು ಒಳ್ಳೆಯ ಮಾತಿನಿಂದಲೇ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಶಾಲೆಯ ವರ್ಷದ ಕೊನೆಗೆ ಅವರು ರಾಜೀನಾಮೆ ಕೊಟ್ಟರು. ಬೀಳ್ಕೊಡುವ ಸಮಾರಂಭದಲ್ಲಿ ಶಾಲು ಹೊದಿಸಿದರು, ಅವರು ಎರಡೂ ಕೈಗಳನ್ನು ಶಾಲಿನೊಳಗೇ ಇಟ್ಟುಕೊಂಡು ಕೂತರು. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು. “ಆ ಪಾಠಗೋಳು ಹಂಗ ಕುಂದರಬಾರದು ತಂಗಿ. ನಡಸ್ರಿ.”

ಅದೇ ಬೇಸಿಗೆ ರಜೆಯಲ್ಲಿ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ ಎಂದು ರಿಪೇರಿಯವನು ಬಂದು ನಾಲ್ಕೂ ಯಂತ್ರಗಳಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಕೊಟ್ಟು ಹೋದ. ನಾನು ಧಾರವಾಡದಲ್ಲಿದ್ದೆ. ಒಂದು ಸೀಡಿಯಲ್ಲಿ ಎಲ್ಲವನ್ನೂ ನಕಲು ಮಾಡಿಟ್ಟಿದ್ದೆನಲ್ಲ ಎಂದು ಧೈರ್ಯ ಮಾಡಿಕೊಂಡು ಬೀರು ತೆಗೆದೆ. ಗೋವಾದ ತೇವದ ಹವೆಗೆ ಸೀಡಿಯ ಮೇಲೆ ಬೂಷ್ಟು ಕೂತಿತ್ತು. ಒರೆಸಿದೆ, ಬೇರೆ ಬೇರೆ ಕಡೆ ಹಾಕಿ ನೋಡಿದೆ. ತೆರೆಯಲಿಲ್ಲ. ನೆನಪಿನಿಂದ ಮತ್ತೆ ಮಾಡಲು ಕೂತೆ. ಬಾರ್ಜಿನದು ಬಂತು, ಇನ್ನೊಂದೆರಡು ಬಂದವು. ಉಳಿದವುಗಳಲ್ಲಿ ಆಕೃತಿ ಮೂಡುತ್ತಿತ್ತು, ಅವರು ಮಕ್ಕಳನ್ನು ಕೇಳಲೆಂದು ಅಡಗಿಸಿಟ್ಟಿದ್ದ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಅವರು ಬೆಳಗಾವಿಯಿಂದ ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. “ಪಾಠ ನಡದಾವೇನ್ ತಂಗಿ?” ಎಂದು ಕೇಳುತ್ತಿದ್ದರು. “ನಡದಾವ್ರಿ ಸರ್. ಹುಡುಗರಿಗೆ ಭಾಳ ಸೇರ್ಯಾವು” ಎನ್ನುತ್ತಿದ್ದೆ. ಪ್ರತಿ ಸಲವೂ ಅವರ ಮಾತು ಮೊದಲಿಗಿಂತ ನಿಧಾನವಾಗಿರುತ್ತಿತ್ತು. ಆಮೇಲೆ ಫೋನ್ ಬರುವುದು ನಿಂತಿತು.

ಕೆಲವು ವರ್ಷಗಳ ಮೇಲೆ ಪಣಜಿಯಲ್ಲಿ ಮತ್ತೊಂದು ತರಬೇತಿ. ಕಲಿಸುತ್ತಿದ್ದ ಹುಡುಗಿ, ಕೈ ಸ್ವಾಧೀನವಿಲ್ಲದ ಮಕ್ಕಳೂ ಕಂಪ್ಯೂಟರ್ ಬಳಸುವುದು ಹೇಗೆಂದು ತೋರಿಸುತ್ತಿದ್ದಳು. ಒಂದು ಸಣ್ಣ ಆಯ್ಕೆ ಗುರುತು ಹಾಕಿದರೆ, ಬೆರಳು ನಡುಗಿ ಅದೇ ಗುಂಡಿ ಮತ್ತೆ ಮತ್ತೆ ಒತ್ತಿದರೂ ಯಂತ್ರ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಇದು ಹೊಸದೇ ಎಂದು ಕೇಳಿದೆ. ಇಲ್ಲ, ಹಳೆಯ ಕಂಪ್ಯೂಟರುಗಳಲ್ಲೂ ಇತ್ತು, ಯಾರೂ ತೆರೆದು ನೋಡುವುದಿಲ್ಲ ಎಂದಳು. ನಾನು ಎದ್ದು ಹೊರಗೆ ಹೋದೆ. ವರಾಂಡದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ತಿಂಗಳುಗಟ್ಟಲೆ ಒಂದೊಂದೇ ಅಕ್ಷರ ಅಳಿಸುತ್ತ ಕೂತಿದ್ದರು ಅವರು. ತರಬೇತಿ ಪಡೆದು ಬಂದಿದ್ದವಳು ನಾನು.

ಮುಂದಿನ ರವಿವಾರ ಬೆಳಗಾವಿಗೆ ಹೋದೆ. ಸರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಆ ರೋಗ ಮುಖವನ್ನೂ ಗಟ್ಟಿ ಮಾಡಿಬಿಡುತ್ತದಂತೆ. ಕಣ್ಣು ಮಾತ್ರ ನನ್ನನ್ನು ಗುರುತಿಸಿತು. ಹತ್ತಿರ ಕೂತು, ಪಾಠಗಳೆಲ್ಲ ಅಳಿಸಿಹೋದದ್ದನ್ನೂ ಫೋನಿನಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ.

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. “ಅದು ಅವರಿಗೆ ಆವಾಗನ ಗೊತ್ತಾಗಿತ್ರಿ. ನಿಮ್ಮ ಸಾಲ್ಯಾಗ ಕಲತಾಕಿ ಒಬ್ಬಾಕಿ ಇಲ್ಲೇ ನರ್ಸಿಂಗ್ ಓದತಿದ್ಲು, ಆಕಿ ಬಂದು ಹೇಳಿದ್ಲು. ‘ತಂಗಿಗೆ ಏನೂ ಅನಬ್ಯಾಡ, ಆಕಿ ನೊಂದ್ಕೋತಾಳ’ ಅಂದಿದ್ರು ನನಗ.”

“ಮತ್ತ ಫೋನಿನ್ಯಾಗ ಯಾಕ ಕೇಳ್ತಿದ್ರಿ ಸರ್?”

ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ. “ನೀವು... ನಡದಾವು ಅಂದ್ರ... ಚಲೋ ಅನಸ್ತಿತ್ತು.”

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತುಟಿ ಅಲುಗಿತು. “ಹತ್ತನೇ ಕ್ಲಾಸ್... ಹೆಂಗೈತಿ?”

ಆ ತರಗತಿಯನ್ನು ಅವರಿಂದ ಕಿತ್ತದ್ದು ನಾನೇ ಎಂದು ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಅಳಿಸಿಹೋದ ಪಾಠಗಳ ಮಾತು ಅದಕ್ಕೆ ಪೀಠಿಕೆ. ಅವರ ಹೆಂಡತಿ ಚಹಾ ತಂದು ಚಮಚದಿಂದ ಅವರ ಬಾಯಿಗೆ ಹಾಕತೊಡಗಿದರು, ಗದ್ದದ ಮೇಲೆ ಇಳಿದದ್ದನ್ನು ಸೆರಗಿನಿಂದ ಒರೆಸಿದರು. “ಚಲೋ ಐತ್ರಿ ಸರ್” ಎಂದೆ, ಮತ್ತೇನೂ ಹೇಳಲಿಲ್ಲ. ಸಂಜೆಯ ಬಸ್ಸಿಗೆ ಹೊರಟೆ.

ಆ ವರ್ಷದ ಮಳೆ ಮುಗಿಯುವಾಗ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ನಾಲ್ಕು ದಿನ ತಡವಾಗಿ. ಸ್ಟಾಫ್‌ರೂಮಿನಲ್ಲಿ ಅವರನ್ನು ಕಂಡವರು ಇಬ್ಬರೋ ಮೂವರೋ ಉಳಿದಿದ್ದರು. ಪ್ರಾರ್ಥನೆಯ ಹೊತ್ತಿಗೆ ಒಂದು ನಿಮಿಷ ಮೌನವಾಗಿ ನಿಂತೆವು. ಆಮೇಲೆ ಗಂಟೆ ಹೊಡೆಯಿತು. ಹತ್ತನೆಯ ತರಗತಿಗೆ ಮೊದಲ ಪೀರಿಯಡ್ಡು ಗಣಿತ, ನಾನು ಹಾಜರಿ ಪುಸ್ತಕ ಎತ್ತಿಕೊಂಡು ಹೋದೆ.