ಟೇಲರನಿಗೆ ನಿದ್ದೆ ಬಂದ ವಾರ್ಡು

ದಪ್ಪಗಾಗುತ್ತಿದ್ದೇವೆಂದು ನಮಗೆ ನಿಮಗೆಲ್ಲ ಮೊದಲು ಹೇಳುವುದು ಪ್ಯಾಂಟಿನ ಗುಂಡಿ. ಈ ಟೇಲರನಿಗೆ ಆ ಭಾಗ್ಯವೂ ಇರಲಿಲ್ಲ. ಸೊಂಟ ಬಿಗಿಯಾಯಿತೋ, ಮೆಷಿನ್ನಿನ ಮುಂದೆ ಕೂತು ಒಳಮಡಿಕೆ ಬಿಚ್ಚಿ ಬೆರಳಗಲ ಸಡಿಲ ಮಾಡಿಕೊಂಡ, ಮುಗಿಯಿತು. ಮಡಿಕೆಯ ಬಟ್ಟೆ ತೀರಿದಾಗ ಅದೇ ಬಣ್ಣದ ತುಂಡೊಂದನ್ನು ಹಿಂದುಗಡೆ ಸೇರಿಸಿ ಹೊಲಿದ. ಹೆಂಡತಿ ತೀರಿಕೊಂಡ ಮೇಲೆ ಆಳು ಒಂದೂವರೆಯಾಗಿದ್ದ, ಆದರೆ ಬಟ್ಟೆ ಒಂದು ದಿನವೂ ಬಿಗಿಯಾಗಿ ಉಳಿಯಲಿಲ್ಲ. ಎಂಥಾ ಜಾಣ ನೋಡಿ!

ಸುಳ್ಳು ಹೇಳಬಾರದು, ಅವನೇನು ಹೊಟ್ಟೆಬಾಕನಲ್ಲ. ನಿದ್ದೆ ಬರುತ್ತಿರಲಿಲ್ಲ, ಅಷ್ಟೆ. ಮಂಚದ ಅರ್ಧ ಖಾಲಿ. ಮಗ್ಗುಲು ಬದಲಿಸಿ ಸಾಕಾಗಿ ಎದ್ದು ಕೂರುತ್ತಿದ್ದ, ಕೂತರೆ ಬಾಯಾಡಿಸಬೇಕೆನ್ನಿಸುತ್ತಿತ್ತು. ಬಿಸ್ಕತ್ತಿನ ಪೊಟ್ಟಣ ಮುಗಿದರೂ ರೆಪ್ಪೆ ಅಂಟುತ್ತಿರಲಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ತೂಕಡಿಕೆ. ಅದನ್ನು ಓಡಿಸಲು ಸಕ್ಕರೆ ಸುರಿದ ಟೀ ಮೇಲೆ ಟೀ.

"ಏನಣ್ಣ, ಮೈ ಕೈ ತುಂಬ್ಕೊಂಡಿದ್ದೀಯ! ಯಾರಪ್ಪಾ ಅಡಿಗೆ ಮಾಡ್ ಹಾಕ್ತಿರೋದು?" ಎಂದು ಪಕ್ಕದ ಕ್ಷೌರದಂಗಡಿಯವನು ರೇಗಿಸುತ್ತಿದ್ದ. ಟೇಲರ್ ನಕ್ಕು ಪೆಡಲ್ ತುಳಿಯುತ್ತಿದ್ದ. ಅಳು ಬರುತ್ತಿತ್ತು, ಹೇಳಿಕೊಳ್ಳಲು ನಾಚಿಕೆ.

ಒಂದು ಮಧ್ಯಾಹ್ನ ಆ ಕ್ಷೌರದವನೇ "ಅಯ್ಯಯ್ಯೋ, ಕಾಲಲ್ಲಿ ರಕ್ತ!" ಎಂದು ಕೂಗಿದ. ಟೇಲರನ ಬಲಗಾಲಿನಡಿ ಗುಂಡುಸೂಜಿಯೊಂದು ಮುರಿದು ಕೂತಿತ್ತು, ಸುತ್ತ ಕೀವು. ಯಾವಾಗ ಹೊಕ್ಕಿತ್ತೋ! ದಿನವಿಡೀ ಅದೇ ಪಾದದಲ್ಲಿ ಪೆಡಲ್ ತುಳಿಯುವವನಿಗೆ ನೋವೇ ಗೊತ್ತಾಗಿರಲಿಲ್ಲ. ಕ್ಷೌರದವನು ಅಂಗಡಿಗೆ ಬೀಗ ಹಾಕಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದ.

"ಸಕ್ಕರೆ ಕಾಯಿಲೆ, ತುಂಬಾ ಏರಿದೆ. ಅದಕ್ಕೇ ಪಾದಕ್ಕೆ ನೋವು ಗೊತ್ತಾಗಿಲ್ಲ," ಎಂದರು ಡಾಕ್ಟರಮ್ಮ. "ಗಾಯ ಮಾಯದಿದ್ರೆ ಪಾದ ತೆಗೀಬೇಕಾಗುತ್ತೆ. ನಿದ್ದೆ ಹೇಗಿದೆ?"

"ನಿದ್ದೆಗೂ ಇದಕ್ಕೂ ಏನಮ್ಮಾ ಸಂಬಂಧ?"

"ನಿದ್ದೆಗೆಟ್ರೆ ಹಸಿವು ಜಾಸ್ತಿಯಾಗುತ್ತೆ, ಸಕ್ಕರೆನೂ ಏರುತ್ತೆ. ಮನಸ್ಸು ಕುಗ್ಗಿದ್ರೂ ಅಷ್ಟೇ. ಬೇಜಾರಲ್ಲಿ ತಿಂತೀರಾ?"

ಇಷ್ಟು ದಿನದಲ್ಲಿ ಯಾರೂ ಕೇಳಿರದ ಪ್ರಶ್ನೆ. ಟೇಲರ್ ತುಟಿ ಕಚ್ಚಿ ಹೌದೆಂದು ತಲೆಯಾಡಿಸಿದ.

ಅವನನ್ನು ಸೇರಿಸಿಕೊಂಡ ವಾರ್ಡು ಸಂತೆಯೇ ಸರಿ. ಒಬ್ಬ ಕೆಮ್ಮುವವನು, ಒಬ್ಬ ನರಳುವವನು. ಎದುರು ಹಾಸಿಗೆಯ ತಾತನ ಗೊರಕೆಗೆ ಕಿಟಕಿ ಅದುರುತ್ತಿತ್ತು. ಉಳಿದವರು ಕಿವಿಗೆ ಹತ್ತಿ ತುರುಕಿಕೊಂಡು ಶಪಿಸಿದರು. ಟೇಲರ್ ಮಾತ್ರ ದಿಂಬಿಗೆ ತಲೆಯಿಟ್ಟವನೇ ಗಾಢ ನಿದ್ದೆಗೆ ಜಾರಿದ. ಬೆಳಿಗ್ಗೆ ಇಂಜೆಕ್ಷನ್ನಿಗೆ ನರ್ಸು ಅಲುಗಾಡಿಸಿ ಎಬ್ಬಿಸಬೇಕಾಯಿತು. ದಿನವೂ ಅದೇ ಕಥೆ. ಔಷಧಿ, ಹಿತಮಿತದ ಊಟ, ಕಣ್ತುಂಬಾ ನಿದ್ದೆ. ಸಕ್ಕರೆ ಇಳಿಯುತ್ತಾ ಬಂತು, ಗಾಯ ಒಣಗಿತು.

"ಕಾಲು ಉಳೀತು! ನಾಳೆ ಮನೆಗೆ ಹೋಗ್ಬಹುದು," ಎಂದರು ಡಾಕ್ಟರಮ್ಮ. "ಮಾತ್ರೆ ಬಿಡ್ಬೇಡಿ. ಇಲ್ಲಿ ಮಲಗಿದ ಹಾಗೇ ಅಲ್ಲೂ ಮಲಗಿ. ಮತ್ತೆ ನಿದ್ದೆಗೆಟ್ರೆ ಈ ಕಾಲು ಇನ್ನೊಂದು ಸಲ ಉಳಿಯುತ್ತೆ ಅಂತ ಹೇಳೋಕಾಗಲ್ಲ."

ವಾರ್ಡಿಗೆ ವಾರ್ಡೇ ಖುಷಿಪಟ್ಟಿತು. ಟೇಲರನ ಮುಖ ಮಾತ್ರ ಸಪ್ಪಗಾಯಿತು. ಡಾಕ್ಟರಮ್ಮ ಹೋದ ಮೇಲೆ ನರ್ಸನ್ನು ಮೆಲ್ಲಗೆ ಕರೆದ.

"ಸಿಸ್ಟರ್, ಇನ್ನೊಂದೆರಡು ದಿನ ಇರ್ಲಾ? ಮನೇಲಿ ಕೆಮ್ಮೋರೂ ಇಲ್ಲಮ್ಮ. ಒಬ್ನೇ ಇರೋಕೆ ಭಯ ಆಗುತ್ತೆ."

ಅವಳು ಅವನ ಭುಜದ ಮೇಲೆ ಕೈಯಿಟ್ಟಳು. "ಈ ಹಾಸಿಗೆಗೆ ಆಗ್ಲೇ ಇನ್ನೊಬ್ರು ಕಾಯ್ತಿದ್ದಾರೆ ಅಣ್ಣ."

"ಸರಿ ಬಿಡಮ್ಮ," ಎಂದ. ಹೊರಗೆ ಇನ್ನೂ ಬಿಸಿಲಿತ್ತು, ಎದುರಿನ ತಾತ ಅದಾಗಲೇ ಗೊರಕೆ ಶುರು ಮಾಡಿದ್ದ. ಟೇಲರ್ ಅವಸರ ಅವಸರವಾಗಿ ಹೊದಿಕೆ ಎಳೆದುಕೊಂಡು ಕಣ್ಣು ಮುಚ್ಚಿದ.